ಹರಾಜಿಗೆ ಬಂದ ಬಾಗಿನ

ಯಲಹಂಕ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಬೆಳಗಿನ ಮಂಜು ಇನ್ನೂ ಪ್ಲಾಟ್‌ಫಾರಂ ಬಿಟ್ಟಿರಲಿಲ್ಲ. ಸಂಕ್ರಾಂತಿಗೆ ಮುಂಚಿನ ಭಾನುವಾರ. ತಲೆಗೆ ಮಫ್ಲರ್ ಸುತ್ತಿಕೊಂಡು, ಒಂದು ಗಂಟನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಗಂಟಿನೊಳಗೆ ಒಂದರ ಮೇಲೊಂದು ಮುಚ್ಚಿದ ಎರಡು ಮೊರ. ಮೊರದೊಳಗೆ ನನ್ನ ತಂಗಿ ರತ್ನಳಿಗೆ ತವರಿನಿಂದ ಹೋಗಬೇಕಾದ ಬಾಗಿನ. ಗೌರಿ ಹಬ್ಬಕ್ಕೆ ಕೊಡಬೇಕಾದದ್ದು. ಹಬ್ಬ ಕಳೆದು ಮಳೆಗಾಲವೂ ಮುಗಿದು ಅವರೆಕಾಯಿ ಕಾಲ ಬಂದಿತ್ತು. ಅದಕ್ಕೂ ಹಿಂದಿನ ಎರಡು ಹಬ್ಬಗಳಿಗೂ ನಾನು ಕೊಟ್ಟಿರಲಿಲ್ಲ.

ಯಶವಂತಪುರಕ್ಕೆ ಪ್ಯಾಸೆಂಜರ್ ಗಾಡಿಯ ಟಿಕೆಟ್ ಹತ್ತು ರೂಪಾಯಿ. ರತ್ನ ಇರುವುದು ಚಿಕ್ಕಬಾಣಾವರ ದಾಟಿ, ಹೆಸರಘಟ್ಟ ರಸ್ತೆಯ ಒಂದು ಹಳ್ಳಿಯಲ್ಲಿ. ಪುಟ್ಟೇನಹಳ್ಳಿ ಕೆರೆಯ ಪಕ್ಕದ ನಮ್ಮ ಮನೆಯಿಂದ ಕಾರಿನಲ್ಲಿ ಹೋದರೆ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಕಾರು ಮನೆ ಮುಂದೆ ಎರಡು ನಿಂತಿವೆ. ಯಲಹಂಕದಿಂದ ಹೆಸರಘಟ್ಟಕ್ಕೆ ನೇರ ಬಸ್ಸೂ ಉಂಟು. ಆದರೆ ಕಾರು ತೆಗೆದರೆ ಮಗ ಕೇಳುತ್ತಾನೆ, ಬಸ್ಸು ಹತ್ತಿದರೆ ನೆಂಟರು ಕೇಳುತ್ತಾರೆ. ಆದ್ದರಿಂದ ಮೊದಲು ಯಶವಂತಪುರಕ್ಕೆ ಇಳಿದು, ಅಲ್ಲಿ ತುಮಕೂರಿನ ಕಡೆಯ ಗಾಡಿ ಹತ್ತಿ, ಮತ್ತೆ ಉತ್ತರಕ್ಕೆ ಬರುವ ಸುತ್ತುದಾರಿ ಹಿಡಿದೆ. ಯಾರ ಕಣ್ಣಿಗೂ ಬೀಳದೆ ತಂಗಿಯ ಮನೆಗೆ ಹೋಗಬೇಕೆಂಬುದು ನನ್ನ ಆಸೆಯಾಗಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಈ ಒಂದು ದಿನದ ದಾರಿಯನ್ನು ನಮ್ಮ ಕಡೆಯವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಹಿಂದಿನ ಸಂಜೆ ನನ್ನ ಹೆಂಡತಿ ಸರೋಜ ಬಾಗಿನ ಕಟ್ಟುತ್ತಿದ್ದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಅಕ್ಕಿ, ತೊಗರಿಬೇಳೆ, ಅಚ್ಚುಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಒಂದು ಡಜನ್ ಹಸಿರು ಗಾಜಿನ ಬಳೆ, ಎಲ್ಲಕ್ಕೂ ಮೇಲೆ ಹೊಸ ರಾಗಿಯ ಒಂದು ತೆನೆ. ತೆನೆ ಇಡುವುದು ನಮ್ಮ ಮನೆಯದೇ ಪದ್ಧತಿ. ಬೇರೆಯವರ ಬಾಗಿನದಲ್ಲಿ ನಾನು ಅದನ್ನು ಕಂಡಿಲ್ಲ.

"ಅರಿಶಿನ ಕುಂಕುಮ ತೆಗೆದುಬಿಡು" ಅಂದೆ.

ಸರೋಜ ನನ್ನನ್ನು ದುರುಗುಟ್ಟಿ ನೋಡಿದಳು. "ಅರಿಶಿನ ಕುಂಕುಮ ಇಲ್ದೆ ಇದನ್ನ ಬಾಗಿನ ಅಂತಾರಾ? ರೇಷನ್ ಅಂತಾರೆ."

"ಅವಳು ಚರ್ಚಿಗೆ ಸೇರಿದಾಳೆ ಕಣೇ. ಇಟ್ಕೊಳಲ್ಲ. ಕೊಟ್ರೆ ಮುಜುಗರ ಆಗುತ್ತೆ."

"ಮೂರು ವರ್ಷದಿಂದ ಇಲ್ಲದ ಮುಜುಗರ ಈಗ ನೋಡು" ಎಂದು ಗೊಣಗಿದಳು. ಆದರೂ ಎರಡು ಪೊಟ್ಟಣಗಳನ್ನು ತೆಗೆದಿಟ್ಟಳು. ಬಿಳಿ ಪಂಚೆಯಲ್ಲಿ ಗಂಟು ಬಿಗಿದು, "ಅವಳು ಬೈದರೆ ಬೈಸ್ಕೊಂಡು ಬನ್ನಿ. ತಿರುಗಿ ಮಾತಾಡ್ಬೇಡಿ" ಅಂದಳು.

ಗಾಡಿ ಹೊರಟಿತು. ಭಾನುವಾರವಾದ್ದರಿಂದ ಜನ ಕಡಿಮೆ. ಕಿಟಕಿಯ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಮಂಜಿನಲ್ಲಿ ಎತ್ತರದ ಕಟ್ಟಡಗಳ ಬುಡ ಕಾಣಿಸದೆ ಮೇಲಿನ ಅಂತಸ್ತುಗಳು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಕೆಲವು ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು. ಕೊಡಿಗೇಹಳ್ಳಿಯಲ್ಲಿ ಹೂವಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಬೋಗಿಯೆಲ್ಲ ಸೇವಂತಿಗೆಯ ವಾಸನೆ. ಆ ವಾಸನೆಯಲ್ಲಿ ಕಣ್ಣು ಭಾರವಾಗಿ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಜೊಂಪು ಹತ್ತಿತು. ನಮ್ಮ ಗೃಹಪ್ರವೇಶದ ದಿನ ಬಾಗಿಲಿಗೆ ಕಟ್ಟಿದ್ದೂ ಸೇವಂತಿಗೆಯೇ.

ಅಂದು ನಾನು ಮಾಡಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕೆರೆಯ ಪಕ್ಕದ ಜಮೀನು ಬಿಲ್ಡರಿಗೆ ಕೊಟ್ಟ ಮೇಲೆ ನಾವು ನಾಲ್ಕು ಅಂತಸ್ತಿನ ಮನೆ ಕಟ್ಟಿದೆವು. ಮೂರು ಅಂತಸ್ತು ಬಾಡಿಗೆಗೆ, ಮೇಲಿನದು ನಮಗೆ. ಲಿಫ್ಟು, ಬಿಸಿನೀರಿನ ಗೀಸರು, ಕಾಲಿಟ್ಟರೆ ಮುಖ ಕಾಣುವ ನೆಲ. ಗೃಹಪ್ರವೇಶದ ದಿನ ಒಲೆಯ ಮೇಲೆ ಹಾಲುಕ್ಕಿಸಬೇಕಾದವಳು ಮನೆಮಗಳು, ಅಂದರೆ ರತ್ನ. ಅವಳ ಗಂಡ ಶಿವಣ್ಣ ಟ್ರ್ಯಾಕ್ಟರಿನಿಂದ ಬಿದ್ದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಅವರ ಬೀದಿಯ ಚರ್ಚಿನವರು ಬಂದು ಕೂತರು, ಗಂಜಿ ತಂದರು, ಅವನನ್ನು ಎತ್ತಿ ಸ್ನಾನ ಮಾಡಿಸಿದರು. ಅಣ್ಣನಾದ ನಾನು ಎರಡು ಸಲ ಹೋಗಿ ಸೇಬು ಕೊಟ್ಟು ಬಂದಿದ್ದೆ. ಅವಳು ಚರ್ಚಿಗೆ ಹೋಗತೊಡಗಿದ್ದು ಆಗ. ಗೃಹಪ್ರವೇಶದ ಬೆಳಿಗ್ಗೆ ಹಣೆಯಲ್ಲಿ ಕುಂಕುಮವಿಲ್ಲದೆ, ಕೈಯಲ್ಲಿ ಬಳೆಯಿಲ್ಲದೆ, ತನ್ನ ಹಸುವಿನ ಹಾಲನ್ನು ಸ್ಟೀಲ್ ಕ್ಯಾನಿನಲ್ಲಿ ತುಂಬಿಕೊಂಡು ಗೇಟಿನ ಮುಂದೆ ಬಂದು ನಿಂತಳು. ನಗುತ್ತಿದ್ದಳು. ಮಗನಿಗೆ ಹೆಣ್ಣು ಕೊಡುವವರ ಕಾರು ಆಗತಾನೆ ಬೀದಿಯ ತುದಿಯಲ್ಲಿ ತಿರುಗುತ್ತಿತ್ತು.

ಯಾರೂ ಏನೂ ಅಂದಿರಲಿಲ್ಲ. ಅನ್ನುತ್ತಾರೇನೋ ಎಂದು ನಾನೇ ಅಂದುಬಿಟ್ಟೆ. "ರತ್ನ, ಇವತ್ತು ಬೇಡ. ನಾಳೆ ಬಾ. ಇವರೆಲ್ಲ ಏನಂದ್ಕೊಳ್ತಾರೆ."

ಅವಳು ಕ್ಯಾನನ್ನು ಗೇಟಿನ ಗೋಡೆಯ ಮೇಲಿಟ್ಟು ಹೋದಳು. ಒಳಗೆ ನಮ್ಮ ದೊಡ್ಡಪ್ಪ, ಮನೆಗೆಲ್ಲ ಹಿರಿಯರು, "ಮನೆಮಗಳು ಎಲ್ಲಪ್ಪಾ? ಒಲೆ ಹಚ್ಚಾಯ್ತು" ಅಂತ ಕೂಗುತ್ತಿದ್ದರು. ನಾನು ಒಳಗೆ ಹೋಗಿ, "ಬಂದಿದ್ಲು. ನಿಮ್ಮ ಪೂಜೆ ಮನೆ ಹಾಲು ನಾನು ಮುಟ್ಟಲ್ಲ ಅಂದು ಹೋದ್ಲು" ಅಂದೆ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಎತ್ತಿ ಆಡಿಸಿದ ಮಗು ಅವಳು ಅವರಿಗೆ. ಆಮೇಲೆ ಅವರು ರತ್ನಳ ಹೆಸರೆತ್ತಲಿಲ್ಲ. ಊರಿಗೆಲ್ಲ ಆ ಮಾತು ಹಬ್ಬಿತು. ಅವಳಿಗೂ ಮುಟ್ಟಿತು. ನಾನು ತೆಪ್ಪಗಿದ್ದೆ.

ಲೊಟ್ಟೆಗೊಲ್ಲಹಳ್ಳಿ ಬಂದಾಗ ಗಾಡಿ ಯಾವುದೋ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಿಂತಿತು. ಬಹಳ ಹೊತ್ತು ನಿಂತಿತು. ಎಚ್ಚರವಾದಾಗ ನನ್ನ ಕೈ ಗಂಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬೆರಳು ಜೋಮು ಹಿಡಿದಿದ್ದವು.

ಯಶವಂತಪುರದಲ್ಲಿ ಬಿಸಿಲು ಬಂದಿತ್ತು. ಸ್ಟೇಷನ್ನಿನ ಹೊರಗೆ ಎರಡು ಇಡ್ಲಿ, ಒಂದು ವಡೆ ತಿಂದೆ. ಚಟ್ನಿಯಲ್ಲಿ ಶುಂಠಿ ಹೆಚ್ಚು. ಕಾಫಿ ಚೆನ್ನಾಗಿತ್ತು. ಹೋಟೆಲಿನವನು ಗಂಟು ನೋಡಿ, "ಏನ್ ಗುರು, ತಂಗಿ ಮನೆಗಾ?" ಅಂದ. ಪರಿಚಯವೇ ಇಲ್ಲದವನು! "ಹೂಂ" ಅಂದೆ. ಮುಂದಿನ ಗಾಡಿಗೂ ಟಿಕೆಟ್ ಹತ್ತೇ ರೂಪಾಯಿ. ಚಿಕ್ಕಬಾಣಾವರದಲ್ಲಿ ಇಳಿದು ಆಟೋ ಕೇಳಿದರೆ ಇನ್ನೂರೈವತ್ತು ಅಂದ, ಇನ್ನೂರಕ್ಕೆ ಬಂದ. ಕಾರ್ಖಾನೆಗಳೂ ಕಾಲೇಜುಗಳೂ ಹಿಂದಾಗಿ ರಾಗಿ ಕೊಯ್ದ ಹೊಲಗಳು ಬಂದವು. ಕೂಳೆಯ ಮೇಲೆ ಇಬ್ಬನಿ ಹೊಳೆಯುತ್ತಿತ್ತು. ಅದರ ನಡುವೆ ಕೊಕ್ಕರೆಗಳು ಏನನ್ನೋ ಮರೆತವರ ಹಾಗೆ ನಿಂತಿದ್ದವು.

ಶಿವಣ್ಣ ಜಗುಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಬಿಸಿಲು ಕಾಯಿಸುತ್ತಿದ್ದ. ನನ್ನನ್ನು ಕಂಡು ಏಳಲು ಹೋದ, ನಾನು ತಡೆದೆ.

"ಬನ್ನಿ ಭಾವ. ದಾರಿ ಸಿಕ್ತಾ?" ಅಂದ. ಧ್ವನಿಯಲ್ಲಿ ಮರ್ಯಾದೆ ಇತ್ತು, ಮುಳ್ಳೂ ಇತ್ತು.

"ರತ್ನ ಎಲ್ಲಿ?"

"ಚರ್ಚಲ್ಲಿ. ಇವತ್ತು ಸುಗ್ಗಿ ಹಬ್ಬ ಅಲ್ಲಿ. ನನಗೆ ಅಷ್ಟೊತ್ತು ಕುರ್ಚಿ ಮೇಲೆ ಕೂರಕ್ಕಾಗಲ್ಲ."

ಗಂಟನ್ನು ಜಗುಲಿಯ ಮೇಲಿಡಲು ಹೋದೆ. ಅವನು ಕೈ ಅಡ್ಡ ಹಿಡಿದ. "ಬಾಗಿನ ತಾನೇ? ಅದು ನಾನು ಇಸ್ಕೊಳ್ಳೋದಲ್ಲ ಭಾವ. ನನ್ನ ಹತ್ರ ಇಟ್ಟು ಹೋಗಿಬಿಡಬೇಡಿ. ಅವಳ ಕೈಗೇ ಕೊಡಿ. ಆ ತೆಂಗಿನ ಮರ ದಾಟಿದ್ರೆ ಹಾಡು ಕೇಳುತ್ತೆ. ಹಾಡಿನ ಕಡೆಗೆ ಹೋಗಿ."

ಹಾಗೆಯೇ ಹೋದೆ. ತಮಟೆಯೂ ಕೀಬೋರ್ಡೂ ಸೇರಿದ ಹಾಡು ಹೊಲಗಳ ಮೇಲೆ ತೇಲಿ ಬರುತ್ತಿತ್ತು. ತಗಡಿನ ಮಾಡಿನ ಸಣ್ಣ ಕಟ್ಟಡ. ಮುಂದೆ ಶಾಮಿಯಾನ. ಬಾಗಿಲ ಎರಡೂ ಕಡೆ ಕಬ್ಬಿನ ಜಲ್ಲೆ, ಮಾವಿನೆಲೆ, ರಾಗಿ ತೆನೆಯ ಗೊಂಚಲು. ನಮ್ಮ ಹಬ್ಬದ ಬಾಗಿಲೇ. ಜನ ಒಬ್ಬೊಬ್ಬರೂ ಏನಾದರೊಂದು ಹೊತ್ತು ಒಳಗೆ ಹೋಗುತ್ತಿದ್ದರು. ಕುಂಬಳಕಾಯಿ, ಬಾಳೆಗೊನೆ, ಅವರೆಕಾಯಿ ಮೂಟೆ, ಕಾಲು ಕಟ್ಟಿದ ಹುಂಜ. ಬೆಳೆದದ್ದರಲ್ಲಿ ಮೊದಲ ಪಾಲನ್ನು ದೇವರ ಮುಂದೆ ಇಟ್ಟು ವಂದನೆ ಹೇಳುವುದು ಅವರ ಸುಗ್ಗಿ ಹಬ್ಬದ ಕ್ರಮ. ಪ್ರಾರ್ಥನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕಿ ಬಂದದ್ದನ್ನು ಚರ್ಚಿನ ಕೆಲಸಕ್ಕೆ ಬಳಸುತ್ತಾರೆ. ಇದು ನನಗೆ ಆಮೇಲೆ ಗೊತ್ತಾಯಿತು.

ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೈ ಜೋಡಿಸಿದಳು. "ವಂದನೆ ಅಣ್ಣಾ, ಬನ್ನಿ ಬನ್ನಿ. ಎಷ್ಟು ಚೆಂದಾಗಿ ಕಟ್ಕೊಂಡ್ ಬಂದಿದೀರ! ಕೊಡಿ ಇಲ್ಲಿ." ಗಂಟು ನನ್ನ ಕೈಯಿಂದ ಹೊರಟೇ ಹೋಯಿತು. ಅವಳು ಪಂಚೆ ಬಿಚ್ಚಿ, ಮೇಲಿನ ಮೊರ ಸರಿಸಿ ನೋಡಿ, ಅಕ್ಕಿ ಬೇಳೆ ಬೆಲ್ಲ ಕಂಡು ಸಂತೋಷಪಟ್ಟು, ನೇರ ಮುಂದಕ್ಕೆ ಹೊತ್ತೊಯ್ದು ಕುಂಬಳಕಾಯಿಗಳ ನಡುವೆ ಇಟ್ಟಳು. ಅರಿಶಿನ ಕುಂಕುಮ ಇದ್ದಿದ್ದರೆ ಇದು ಬಾಗಿನವೆಂದು ಅವಳಿಗೆ ತಿಳಿಯುತ್ತಿತ್ತು. ನಾನೇ ತೆಗೆಸಿದ್ದೆ.

"ಅಮ್ಮಾ, ಅದು..." ಅಂದೆ. ಹಾಡಿನಲ್ಲಿ ಕೇಳಿಸಲಿಲ್ಲ. ಎರಡನೇ ಸಲ ಹೇಳಲಿಲ್ಲ. ಬಾಯಿ ತೆರೆಯಬೇಕಾದ ಕಡೆ ಮುಚ್ಚಿಕೊಳ್ಳುವುದು ನನಗೆ ಮೊದಲಿನಿಂದ ರೂಢಿ.

ಗಂಡಸರ ಕಡೆ ಕೊನೆಯ ಸಾಲಿನಲ್ಲಿ ಕೂತೆ. ಹೆಂಗಸರ ಕಡೆ ಎಲ್ಲರ ತಲೆಯ ಮೇಲೂ ಸೆರಗು, ಯಾವ ತಲೆ ರತ್ನಳದೋ ಗೊತ್ತಾಗಲಿಲ್ಲ. ಸಭೆ ನಡೆಸುವ ಪಾಸ್ಟರ್ ನಡುವಯಸ್ಸಿನವರು, ತಗ್ಗಿದ ದನಿ. "ನಿಮ್ಮ ಪಕ್ಕದಲ್ಲಿ ಕೂತವರಿಗೆ, ಈ ವರ್ಷ ದೇವರಿಗೆ ಯಾವುದಕ್ಕೆ ವಂದನೆ ಹೇಳ್ತೀರಿ ಅಂತ ಒಂದೇ ಒಂದು ಮಾತು ಹೇಳಿ" ಅಂದರು. ಗುಜುಗುಜು ಎದ್ದಿತು. ನನ್ನ ಪಕ್ಕದಲ್ಲಿದ್ದ ಹಲ್ಲಿಲ್ಲದ ಮುದುಕರು ನನ್ನ ಕಡೆ ಬಾಗಿದರು.

"ಇವತ್ತು ಬೆಳಿಗ್ಗೆ ಉಚ್ಚೆ ಸಲೀಸಾಗ್ ಓಯ್ತು ಕಣಪ್ಪಾ. ಅದುಕ್ಕೆ."

ನಗು ಬಂತು. ಅವರು ನಗಲಿಲ್ಲ. "ನಗ್ತೀಯಲ್ಲ, ನನ್ ವಯಸ್ಸಾಗ್ಲಿ ನಿಂಗೆ. ನಿಂದೇನೇಳು."

ನಾನು ಯೋಚಿಸಿದೆ. ನಾಲ್ಕು ಅಂತಸ್ತು, ಎರಡು ಕಾರು, ತಿಂಗಳು ಹುಟ್ಟಿದರೆ ಬಾಡಿಗೆ, ಮಗನ ಮದುವೆ, ಮೊಮ್ಮಗು. ಯಾವುದನ್ನು ಹೇಳಲು ಹೋದರೂ ಅದು ನಾನೇ ಸಂಪಾದಿಸಿದ್ದು ಎಂಬ ಹಮ್ಮು ಅಡ್ಡ ಬರುತ್ತಿತ್ತು. ಆದರೆ ಜಮೀನು ಅಪ್ಪನದು. ಅದರ ಪಕ್ಕಕ್ಕೆ ಊರು ಬೆಳೆದು ಬಂದದ್ದರಲ್ಲಿ ನನ್ನ ಕೈವಾಡ ಏನಿತ್ತು? ಆ ಮನೆಯಲ್ಲಿ ಇಷ್ಟು ದಿನ ಇದ್ದು ಒಂದು ಸಲವೂ ಯಾರಿಗೂ ಏನಕ್ಕೂ ವಂದನೆ ಹೇಳಿರಲಿಲ್ಲ. ಮುದುಕರು ಕಾಯುತ್ತಿದ್ದರು.

"ಬಿಸಿನೀರು" ಅಂದೆ ಕೊನೆಗೆ. "ಬೆಳಿಗ್ಗೆ ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರುತ್ತೆ."

"ಓಹೋ, ದೊಡ್ಡ ವರ ಕಣಪ್ಪ ಅದು. ಈ ಚಳೀಲಿ!" ಎಂದು ಅವರು ಮನಸಾರೆ ಒಪ್ಪಿಕೊಂಡರು.

ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ತಗಡಿನ ಮಾಡಿನ ಸಂದಿಯಿಂದ ಬಿಸಿಲಿನ ಒಂದು ಕೋಲು ನನ್ನ ಕೆನ್ನೆಯ ಮೇಲೆ ಬಿದ್ದಿತ್ತು. ಕಬ್ಬಿನ ವಾಸನೆ, ಹೊಸ ರಾಗಿಯ ವಾಸನೆ, ಹುಂಜದ ಕೊಕ್ಕೊಕ್ಕೊ. ಪಾಸ್ಟರರ ದನಿ ದೂರದ ನೀರಿನ ಸದ್ದಿನಂತಾಯಿತು. ನಾನು ನೆಲ ಬಿಟ್ಟು ಸ್ವಲ್ಪ ಮೇಲೆ ತೂಗುತ್ತಿದ್ದೇನೆ ಅನ್ನಿಸಿತು. ಆ ಹೊತ್ತಿನಲ್ಲಿ, ನನ್ನ ತಂಗಿ ಯಾರಿಗೆ ಹೇಳುತ್ತಾಳೋ ಅವನಿಗೇ ನಾನೂ ವಂದನೆ ಹೇಳಿದೆ. ಯೇಸು ಎಂಬ ಹೆಸರನ್ನು ಮನಸ್ಸಿನಲ್ಲಿ ಮೊದಲ ಸಲ ಅಂದು ನೋಡಿದೆ. ಪರಕೀಯ ಅನ್ನಿಸಲಿಲ್ಲ. ಹೊಸ ನೆಂಟರ ಮನೆಯಲ್ಲಿ ಚಪ್ಪಲಿ ಬಿಟ್ಟು ಹೊಸ್ತಿಲ ಈಚೆ ನಿಂತ ಹಾಗಿತ್ತು. ಒಳಗಿನಿಂದ ಯಾರೋ "ಬನ್ನಿ" ಅನ್ನುತ್ತಿದ್ದ ಹಾಗೂ ಇತ್ತು.

ಹರಾಜು ಶಾಮಿಯಾನದ ಕೆಳಗೆ ಶುರುವಾಯಿತು. ಕೂಗುವವರು ರಿಟೈರಾದ ಬಸ್ ಕಂಡಕ್ಟರ್. ಎಲ್ಲರಿಗೂ ಅವರು ಮಾವ. "ಕುಂಬಳಕಾಯಿ ಹೊರಡ್ತಾ ಇದೆ, ಹತ್ತೋರು ಹತ್ತಿ! ನೂರಕ್ಕೆ ನಿಂತಿದೆ, ನೂರಿಪ್ಪತ್ತಕ್ಕೆ ಯಾರಾದ್ರೂ? ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ, ಒಳಗೆ ಬನ್ನಿ! ರೈಟ್ ರೈಟ್!" ಜನ ನಕ್ಕು ನಕ್ಕು ಕೂಗುತ್ತಿದ್ದರು. ಹುಂಜ ಹಗ್ಗ ಬಿಚ್ಚಿಕೊಂಡು ಪಾಸ್ಟರರ ಕುರ್ಚಿಯ ಕೆಳಗೆ ಸೇರಿತು. ಆಮೇಲೆ ನನ್ನ ಮೊರ ಬಂತು.

"ಇದ್ಯಾವುದಪ್ಪಾ ಮೊರದ ಜೋಡಿ? ಅಕ್ಕಿ ಐತೆ, ಬೆಲ್ಲ ಐತೆ, ರವಿಕೆ ಕಣ... ಬಳೆ! ಬಳೇನೂ ಬೆಳೆದೋರು ಯಾರ್ರೀ ಇಲ್ಲಿ? ನಮ್ಮ ಪಾಸ್ಟರಿಗೆ ಹಾಕಿ ನೋಡಾಣ್ವಾ?"

ಶಾಮಿಯಾನ ನಗೆಯಲ್ಲಿ ತೂರಾಡಿತು. ಯಾರೋ ಇನ್ನೂರು ಅಂದರು. ಇನ್ಯಾರೋ ಇನ್ನೂರೈವತ್ತು. ತಂಗಿಯ ಬಾಗಿನ ಊರವರ ಪಾಲಾಗುತ್ತಿತ್ತು. ನನಗೆ ಗೊತ್ತಿದ್ದ ದಾರಿ ಒಂದೇ. ಎದ್ದು ನಿಂತು ಕೂಗಿದೆ.

"ಹತ್ತು ಸಾವಿರ!"

ನಗು ನಿಂತಿತು. ಎಲ್ಲ ತಲೆಗಳೂ ತಿರುಗಿದವು. ಅದರಲ್ಲಿ ಒಂದು ರತ್ನಳದು. ಸೆರಗು ಜಾರಿತ್ತು, ಕಿವಿಯ ಮೇಲಿನ ಕೂದಲು ನೆರೆತಿತ್ತು. ನನ್ನನ್ನು ನೋಡಿದಳು, ಮೇಜಿನ ಮೇಲಿನ ರಾಗಿ ತೆನೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಕೂತ್ಕೊಳಣ್ಣಾ" ಅಂದಳು ಗಟ್ಟಿಯಾಗಿ. "ಇದು ನಿನ್ನ ಸೈಟಲ್ಲ."

ಈ ಸಲದ ನಗು ಮೊದಲಿನದಕ್ಕಿಂತ ದೊಡ್ಡದು. ನನ್ನ ಪಕ್ಕದ ಮುದುಕರು ನನ್ನ ಜುಬ್ಬಾ ಹಿಡಿದು ಜಗ್ಗಿ ಕೂರಿಸಿದರು. ರತ್ನ ಮುಂದೆ ನಡೆದಳು. "ಮಾವ, ಇದು ಕಾಣಿಕೆ ಅಲ್ಲ. ನಮ್ಮಣ್ಣ ನನಗೆ ತಂದಿರೋ ಬಾಗಿನ. ಗೊತ್ತಾಗದೆ ಇಲ್ಲಿಗೆ ಬಂದಿದೆ."

ಮಾವ ನಾಲಿಗೆ ಕಚ್ಚಿಕೊಂಡು ಮೊರವನ್ನು ಅವಳ ಕಡೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. "ನೀವು ಕೊಟ್ರೆ ಹೇಗೆ? ತಂದೋನು ಕೊಡ್ಲಿ."

ಆ ಕುರ್ಚಿಗಳ ನಡುವೆ ನಡೆದು ಹೋದದ್ದು ನನಗೆ ಇವತ್ತಿಗೂ ಕನಸಿನಲ್ಲಿ ನಡೆದ ಹಾಗೆ ಇದೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ದಾರಿ ಮುಗಿಯುತ್ತಿರಲಿಲ್ಲ. ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಅವಳು ಸೆರಗೊಡ್ಡಿ ತೆಗೆದುಕೊಂಡಳು. ಒಳಗಿನ ಬಳೆಗಳು ಸದ್ದು ಮಾಡಿದವು. ಬಳೆಗಳನ್ನೂ ರಾಗಿ ತೆನೆಯನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡು ಮೊರವನ್ನು ತಿರುಗಿ ಮೇಜಿನ ಮೇಲಿಟ್ಟಳು.

"ಈಗ ಇದು ನಂದು ಮಾವ. ನನ್ನ ಕಾಣಿಕೆ. ಈಗ ಕೂಗಿ."

ನನ್ನ ಪಕ್ಕದ ಮುದುಕರೇ ಸಣ್ಣ ಮೊತ್ತಕ್ಕೆ ಕೂಗಿ ತಗೊಂಡರು. ಸೊಸೆಗಂತೆ. ನಾನು ಬಾಯಿ ಬಿಡಲಿಲ್ಲ. ಅಷ್ಟು ವರ್ಷಕ್ಕೆ ತಂದದ್ದನ್ನು ಒಂದು ಗಳಿಗೆಯೂ ಇಟ್ಟುಕೊಳ್ಳದೆ ಕೊಟ್ಟಳಲ್ಲ ಎಂದು ಮೊದಲು ನೋವಾಯಿತು. ಆಮೇಲೆ ಅವಳ ಮುಖ ನೋಡಿದೆ. ಬಹಳ ದಿನದಿಂದ ಕೊಡಲು ಏನೂ ಸಿಗದೆ ಒದ್ದಾಡಿದವಳಿಗೆ ಕೈತುಂಬ ಸಿಕ್ಕ ಹಾಗಿತ್ತು.

ಊಟಕ್ಕೆ ಮುದ್ದೆ, ಹಿದಕಿದ ಅವರೆಬೇಳೆ ಸಾರು, ಅನ್ನ, ಮಜ್ಜಿಗೆ. ಎರಡು ಮುದ್ದೆ ಉಂಡೆ. ಆಮೇಲೆ ರತ್ನ ಹಸುಗಳನ್ನು ನೋಡಬೇಕು ಎಂದು ಹುಲ್ಲುಗಾವಲಿನ ಅಂಚಿಗೆ ಕರೆದುಕೊಂಡು ಹೋದಳು. ಹೆಸರಘಟ್ಟದ ಆ ಹುಲ್ಲು ಆ ಕಾಲದಲ್ಲಿ ಹೊಂಬಣ್ಣ. ಗಾಳಿ ಬಂದರೆ ಇಡೀ ಬಯಲು ಒಂದೇ ಕಡೆ ಬಾಗುತ್ತದೆ. ಅದರೊಳಗೆ ಅವಳ ಎರಡು ಹಸು ಅರ್ಧ ಮುಳುಗಿ ನಿಂತಿದ್ದವು. ಮಧ್ಯಾಹ್ನದ ಬೆಳಕಿಗೆ ಎಲ್ಲವೂ ಸ್ವಲ್ಪ ಮಸುಕು, ನೆನಪಿನ ಹಾಗೆ.

"ಚೆನ್ನಾಗಿದೆ ಇಲ್ಲಿ" ಅಂದೆ.

"ಚೆನ್ನಾಗಿದೆ. ನಂಗೂ ಗೀಸರ್ ಬೇಕು ಕಣಣ್ಣ. ಬೇಡ ಅಂತ ತಿಳ್ಕೋಬೇಡ. ಬೆಳಿಗ್ಗೆ ಸೌದೆ ಊದೋ ಹೊತ್ತಿಗೆ ಕಣ್ಣೆಲ್ಲ ಹೊಗೆ." ನಕ್ಕಳು.

"ರತ್ನ, ಆ ದಿನ ನಾನು..."

"ಗೊತ್ತು. ನಾನು ಹಾಲು ಮುಟ್ಟಲ್ಲ ಅಂದೆ ಅಂತ ಹೇಳಿದ್ದೀಯ. ನಮ್ಮ ಬೀದಿವರೆಗೂ ಬಂತು ಆ ಮಾತು." ನಗು ಹೋಗಿತ್ತು. "ಗೇಟಿಂದ ಕಳಿಸಿದ್ದು ನಂಗೆ ಅಷ್ಟು ಅನ್ನಿಸಲಿಲ್ಲ ಅಣ್ಣ. ನಿನಗೆ ಹೆದರಿಕೆ ಜಾಸ್ತಿ, ಮೊದಲಿಂದಾನೂ. ಆದ್ರೆ ಮನೆಮಗಳ ಬಾಯಲ್ಲಿ ಇಲ್ಲದ ಮಾತು ಇಟ್ಯಲ್ಲ. ದೊಡ್ಡಪ್ಪ ಅದನ್ನ ನಂಬ್ಕೊಂಡು ಕೂತಿದಾರಲ್ಲ."

"ತಪ್ಪಾಯ್ತು."

ಅವಳು ಬಾಗಿ ಒಂದು ಹುಲ್ಲುಕಡ್ಡಿ ಕಿತ್ತಳು.

"ನನಗೋಸ್ಕರ ಪ್ರಾರ್ಥನೆ ಮಾಡ್ತೀಯಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಬೆಳಗಿನ ಆ ಬಿಸಿಲ ಕೋಲು ಇನ್ನೂ ಕೆನ್ನೆಯ ಮೇಲಿತ್ತು.

"ಆವತ್ತಿಂದಾನೂ ಮಾಡ್ತಿದೀನಿ. ಮೊದಮೊದಲು ಒಳ್ಳೇದಕ್ಕಲ್ಲ."

"ಏನಂತ ಮಾಡ್ತಿದ್ದೆ?"

"ಅಣ್ಣನ ಮನೇಲಿ ಒಂದ್ಸಲನಾದ್ರೂ ಹಾಲು ಒಡೀಲಿ ಸ್ವಾಮಿ ಅಂತ."

"ಒಡೀತು" ಅಂದೆ. "ನೀನು ತಂದಿದ್ದೇ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಒಡೆದಿತ್ತು. ನಾನೇ ಮೋರಿಗೆ ಸುರಿದೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೆ ಅಂದುಕೊಂಡೆ, ಅಳುತ್ತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. "ಕ್ಯಾನು?" ಅಂದಳು ಕಣ್ಣೊರೆಸಿಕೊಂಡು.

"ಇದೆ. ಸರೋಜ ಅದರಲ್ಲಿ ಅಕ್ಕಿಹಿಟ್ಟು ಇಟ್ಕೊಂಡಿದಾಳೆ."

"ಅತ್ತಿಗೆಗೆ ಹೇಳು, ಅದು ನನ್ನ ಕ್ಯಾನು ಅಂತ."

ಸಂಕ್ರಾಂತಿಗೆ ಬಾ ಎಂದು ಕರೆದೆ. ಮನೆಯೊಳಗೆ ಬಂದು ಹಾಲುಕ್ಕಿಸು, ನಿನ್ನ ಪ್ರಾರ್ಥನೆ ಮಾಡಿಯೇ ಉಕ್ಕಿಸು, ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ ಅಂದೆ. ಅವಳು ತಲೆಯಾಡಿಸಲಿಲ್ಲ.

"ನಾನು ಹಾಗಂದಿಲ್ಲ ಅಂತ, ಯಾರ್ಯಾರಿಗೆ ಹೇಳಿದ್ಯೋ ಅವರಿಗೆಲ್ಲ ಹೇಳು. ಆಮೇಲೆ ಕರೀಲೇಬೇಕು ಅಂತಿಲ್ಲ, ನಾನೇ ಬರ್ತೀನಿ."

"ಎಲ್ಲರಿಗೂ ಹೇಳಿದೀನಲ್ಲ ರತ್ನ."

"ಹಂಗಾದ್ರೆ ಎಲ್ಲರಿಗೂ ಹೇಳು."

ಸಂಜೆ ನಾನು ಸ್ಟೇಷನ್ ಕಡೆ ಹೋಗಲಿಲ್ಲ. ಹೆಸರಘಟ್ಟಕ್ಕೆ ನಡೆದು, ಯಲಹಂಕದ ನೇರ ಬಸ್ಸನ್ನೇ ಹತ್ತಿದೆ. ಟಿಕೆಟ್ ಇಪ್ಪತ್ತು ಚಿಲ್ಲರೆ. ಕೆರೆಯ ಏರಿಯ ಕಡೆಯಿಂದ ಮತ್ತೆ ಮಂಜು ಕವಿಯತೊಡಗಿತ್ತು. ಬಸ್ಸಿನ ದೀಪಗಳು ಅದರೊಳಗೆ ಮೆಲ್ಲಗೆ ಹಾದಿ ಹುಡುಕುತ್ತಿದ್ದವು. ನಡುವೆ ಒಂದು ಸ್ಟಾಪಿನಲ್ಲಿ ಅವರೆಕಾಯಿ ಚೀಲ ಹಿಡಿದು ಹತ್ತಿದವರು ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಮ್ಮ. ದೊಡ್ಡಪ್ಪನ ಹೆಂಡತಿ. ಚೀಲವನ್ನು ನನ್ನ ಕಾಲ ಮೇಲೇ ಇಟ್ಟು ಪಕ್ಕದಲ್ಲಿ ಕೂತರು.

"ಏನ್ಲಾ ಮುನಿರಾಜ, ಕಾರ್ ಬುಟ್ಟು ಬಸ್ಸಗೆ? ಎಲ್ಲಿಗ್ ಓಗಿದ್ದೆ?"

ಅದೇ ದಿನ ಬೆಳಿಗ್ಗೆಯಾಗಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ. "ರತ್ನನ ಮನೆಗೆ, ದೊಡ್ಡಮ್ಮ."

"ಯಾರ್ ಮನೆಗೆ?"

"ರತ್ನನ ಮನೆಗೆ."

"ಅವ್ಳಾ? ನಿಮ್ಮನೆ ಆಲು ಮುಟ್ಟಾಕಿಲ್ಲ ಅಂದೋಳ್ ಮನೆಗ್ಯಾಕ್ಲಾ ಓಗಿದ್ದೆ?"

"ಅವಳು ಹಾಗನ್ನಲಿಲ್ಲ ದೊಡ್ಡಮ್ಮ."

"ಏನು? ಜೋರಾಗ್ ಏಳು. ನಂಗ್ ಎಡಗಿವಿ ಕೇಳಾಕಿಲ್ಲ ಅಂತ ಗೊತ್ತಿಲ್ವಾ? ಈ ಇಂಜಿನ್ ಸದ್ದು ಬೇರೆ."

ನಾನು ಅವರ ಎಡಗಡೆ ಕೂತಿದ್ದೆ. ಜಾಗ ಬದಲಿಸೋಣವೆಂದರೆ ಬಸ್ಸು ತುಂಬಿತ್ತು. ಕೂಗಿದೆ. "ರತ್ನ ಹಾಲು ಬೇಡ ಅನ್ನಲಿಲ್ಲ! ನಾನೇ ಅವಳನ್ನ ಗೇಟಿಂದ ವಾಪಸ್ ಕಳಿಸಿದೆ! ಅವಳು ಬೇಡ ಅಂದ್ಲು ಅಂತ ಸುಳ್ಳು ಹೇಳಿದೆ!"

ಮುಂದಿನ ಸೀಟಿನ ಇಬ್ಬರು ತಿರುಗಿದರು. ಕಂಡಕ್ಟರ್ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತರು. ಕಿಟಕಿಯಾಚೆ ಮನೆಗಳ ದೀಪಗಳು ಒಂದೊಂದಾಗಿ ಮಂಜಿನಿಂದ ಎದ್ದು ಹಿಂದಕ್ಕೆ ಹೋಗುತ್ತಿದ್ದವು. ಒಂದು ಊರು ದಾಟಿತು. ಇನ್ನೊಂದು ದಾಟಿತು. ಅವರು ಬೈದಿದ್ದರೆ ಹಗುರವಾಗುತ್ತಿತ್ತು.

ಅವರ ಸ್ಟಾಪ್ ಹತ್ತಿರ ಬಂದಾಗ ಕಂಬಿ ಹಿಡಿದು ಎದ್ದರು. ನಮ್ಮ ಸ್ಟಾಪ್ ಅದರ ಮುಂದಿನದು. ಅವರೆಕಾಯಿ ಚೀಲವನ್ನು ನನ್ನ ಕಾಲ ಮೇಲೆಯೇ ಬಿಟ್ಟು, ಬಾಗಿಲ ಬಳಿ ಹೋಗಿ ತಿರುಗಿ ನೋಡಿದರು.

"ಎತ್ಕೊಂಡ್ ಬಾ. ನಿಮ್ಮ ದೊಡ್ಡಪ್ಪ ಮನೇಲವ್ರೆ. ಅವುರ್ಗೆ ಎರಡೂ ಕಿವಿ ಚೆನ್ನಾಗ್ ಕೇಳ್ತವೆ."

ಕಂಡಕ್ಟರ್ ಸೀಟಿ ಊದಲಿಲ್ಲ, ಕಾಯುತ್ತಿದ್ದ. ನಾನು ಚೀಲ ಎತ್ತಿಕೊಂಡು ಇಳಿದೆ.